ಕಟ್ಟಿದ ಬದುವನ್ನು ಕಾಯುವವರು ಯಾರು?

ಬಯಲುಸೀಮೆಯ ಬರಡು ನೆಲವನ್ನು ಮೇಲೆತ್ತಲು ಸರ್ಕಾರ ಮಂಡಳಿ ಮಾಡಿತು, ಇಲಾಖೆ ಮಾಡಿತು, ಸಂಘ ಮಾಡಿತು. ವಿಶ್ವಬ್ಯಾಂಕಿನ ಸಾಲ ಬಂತು, ಉಪಗ್ರಹದ ಚಿತ್ರಗಳು ಬಂದವು. ಆದರೆ ಯೋಜನೆ ಮುಗಿದ ಮರುವರ್ಷ ಆ ನೆಲದ ಯೋಗಕ್ಷೇಮ ವಿಚಾರಿಸಲು ಯಾರೂ ಉಳಿಯಲಿಲ್ಲ. ಸಾದಲಿಯ ಇಳಿಜಾರು ಇವತ್ತು ಕೇಳುತ್ತಿರುವುದು ಹೊಸ ಕಾಮಗಾರಿಯನ್ನಲ್ಲ, ಇದ್ದದ್ದನ್ನು ಉಳಿಸಿಕೊಡುವ ಕೈಗಳನ್ನು.

ಮೇ ತಿಂಗಳ ಒಂದು ಸಂಜೆ. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯಲ್ಲಿ ಕೃತ್ತಿಕೆ ಮಳೆ ಇಳಿಯುವ ಹೊತ್ತು. ನೆತ್ತಿ ಸುಡುತ್ತಿದ್ದ ಬಿಸಿಲು ನಾಲ್ಕು ಗಂಟೆಗೆ ಮಂಕಾಗುತ್ತದೆ, ಗುಂಡುಕಲ್ಲಿನ ಗುಡ್ಡಗಳ ಹಿಂದೆ ಮೋಡ ಕಟ್ಟುತ್ತದೆ, ಧೂಳೆಬ್ಬಿಸುವ ಗಾಳಿಯ ಬೆನ್ನಿಗೇ ದಪ್ಪ ಹನಿಗಳು. ಅರ್ಧ ಗಂಟೆ ಹೊಯ್ದರೆ ಹೆಚ್ಚು.

ಆಗಬೇಕಾದದ್ದು ಅಷ್ಟರಲ್ಲೇ ಆಗಿಹೋಗುತ್ತದೆ. ಗುಡ್ಡದ ನೀರು ಹುಲ್ಲಿಲ್ಲದ ಗೋಮಾಳದ ಮೇಲೆ ಎಲ್ಲೂ ನಿಲ್ಲದೆ ಜಾರಿ, ರಾಗಿಗೆಂದು ಒಂದು ಸಲ ಉತ್ತಿಟ್ಟ ಹೊಲಕ್ಕೆ ನುಗ್ಗುತ್ತದೆ. ಹೊಲದ ಕೆಳಮೂಲೆಯಲ್ಲಿ ಬದುವಿದೆ. ಯಾವುದೋ ಯೋಜನೆಯಲ್ಲಿ ಕಟ್ಟಿದ್ದು, ಮೊಣಕಾಲುದ್ದದ ಮಣ್ಣಿನ ಏರಿ. ಅದರ ಒಂದು ಕಡೆ ಎಂದೋ ಇಲಿ ತೋಡಿದ ಬಿಲ, ಬಿಲದ ಪಕ್ಕದಲ್ಲೇ ಟ್ರ್ಯಾಕ್ಟರ್ ಹತ್ತಿಳಿದು ಸವೆದ ಜಾಗ. ನೀರು ಬದುವಿಗೆ ತಾಗಿ ನಿಲ್ಲುತ್ತದೆ, ಬಿಲವನ್ನು ಹುಡುಕಿಕೊಳ್ಳುತ್ತದೆ, ಮಣ್ಣು ಕುಸಿಯುತ್ತದೆ. ಹೊಲದ ಅಗಲಕ್ಕೂ ತೆಳ್ಳಗೆ ಹರಿಯಬೇಕಿದ್ದ ನೀರೆಲ್ಲ ಮೊಳದಗಲದ ಆ ಬಾಯಿಯಲ್ಲಿ ಒಟ್ಟಾಗಿ ಧುಮುಕುತ್ತದೆ. ಮಾರನೆಯ ಬೆಳಿಗ್ಗೆ ನೋಡಿದರೆ ಕೆಳಗಿನ ಹೊಲದಲ್ಲಿ ಸೊಂಟದಾಳದ ಕೊರಕಲು.

ಒಡೆದ ಬದು ಬರೀ ನಿಷ್ಪ್ರಯೋಜಕವಲ್ಲ, ಬದುವೇ ಇಲ್ಲದ ಹೊಲಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಹರಡಿ ಹೋಗುವ ನೀರನ್ನು ಅದು ಒಂದು ಕಡೆ ಕೂಡಿಸಿ, ಬಲ ಕೊಟ್ಟು ಬಿಡುತ್ತದೆ. ಮಣ್ಣು–ನೀರು ಸಂರಕ್ಷಣೆಯಲ್ಲಿ ದುಡಿದ ಯಾವ ಎಂಜಿನಿಯರಿಗೂ ಗೊತ್ತಿರುವ ಸಂಗತಿ ಇದು. ಆದರೂ ಬಯಲುಸೀಮೆಯ ಭೂ ಅಭಿವೃದ್ಧಿಯ ಇತಿಹಾಸದಲ್ಲಿ ಲೆಕ್ಕಕ್ಕೆ ಬಂದದ್ದು ಕಟ್ಟಿದ ಬದುಗಳ ಉದ್ದ, ತೋಡಿದ ಹೊಂಡಗಳ ಸಂಖ್ಯೆ, ಖರ್ಚಾದ ರೂಪಾಯಿ. ಐದು ವರ್ಷದ ಮೇಲೆ ಅವುಗಳಲ್ಲಿ ಎಷ್ಟು ನೆಟ್ಟಗಿವೆ ಎನ್ನುವುದು ಯಾವ ಕಚೇರಿಯ ಹೊಣೆಯೂ ಆಗಲಿಲ್ಲ. ನೆಲವನ್ನು ಅಭಿವೃದ್ಧಿಪಡಿಸುವ ಸರ್ಕಾರಿ ಸಂಸ್ಥೆಯ ಮೊದಲ ಕರ್ತವ್ಯ ಕಟ್ಟುವುದಲ್ಲ, ಉಳಿಯುವುದು ಎಂಬುದು ಈ ಲೇಖನದ ವಾದ. ಹಳ್ಳದ ಮೇಲ್ತುದಿಯಿಂದ ಕೆರೆಯ ಕೋಡಿಯವರೆಗೆ ಯಾರಾದರೊಬ್ಬರು ಕಾಯಂ ಆಗಿ ಹೊಣೆ ಹೊತ್ತಿರಬೇಕು. ಆ ಹೊಣೆಗೆ ಹಣ ಇರಬೇಕು, ನೀರಿನ ಬಳಕೆಯ ಬಗ್ಗೆ ಮಾತಾಡುವ ಅಧಿಕಾರವೂ ಇರಬೇಕು.

ಮಣ್ಣಿನ ಲೆಕ್ಕ, ಮಳೆಯ ಲೆಕ್ಕ
*● 1983ರಲ್ಲಿ ಪ್ರಕಟವಾದ ಪ್ರಸಿದ್ಧ ಅಂದಾಜಿನಂತೆ ಭಾರತದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16 ಟನ್‌ಗೂ ಹೆಚ್ಚು ಮಣ್ಣು ಸವೆಯುತ್ತದೆ. ಎಕರೆಗೆ ಆರೂವರೆ ಟನ್, ಅಂದರೆ ಹೊಲದ ಮೈಮೇಲಿನ ಸುಮಾರು ಒಂದು ಮಿ.ಮೀ. ಪದರ.*
*● ಒಂದು ಎಕರೆಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 40 ಸಾವಿರ ಲೀಟರ್ ನೀರು. ವರ್ಷಕ್ಕೆ 700 ಮಿ.ಮೀ. ಆದರೆ 28 ಲಕ್ಷ ಲೀಟರ್.*
*● ಚಿಕ್ಕಬಳ್ಳಾಪುರ ಜಿಲ್ಲೆಯ ವಿಸ್ತೀರ್ಣ ಸುಮಾರು 4,200 ಚದರ ಕಿ.ಮೀ. 700 ಮಿ.ಮೀ. ಮಳೆಯ ವರ್ಷದಲ್ಲಿ ಇಡೀ ಜಿಲ್ಲೆಯ ಮೇಲೆ ಬೀಳುವ ನೀರು ಸುಮಾರು 100 ಟಿಎಂಸಿ ಅಡಿ.*

ಈ ಸೀಮೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ನಂದಿಬೆಟ್ಟದ ಸಾಲಿನ ಸುತ್ತ ಹುಟ್ಟುವ ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಮಳೆಗಾಲದಲ್ಲಿ ಮೈದುಂಬಿ, ಉಳಿದ ತಿಂಗಳು ಮರಳ ಹಾದಿಯಾಗಿರುತ್ತವೆ. ಅವುಗಳ ನೀರು ಕೊನೆಗೆ ಪೆನ್ನಾ ನದಿಯ ಪಾಲಾಗಿ ಆಂಧ್ರಕ್ಕೆ ಹೋಗುತ್ತದೆ. ಅದಕ್ಕೇ ಇಲ್ಲಿನ ಹಿಂದಿನವರು ಹಳ್ಳಕ್ಕೊಂದು ಕೆರೆ, ಕೆರೆಯ ಮೇಲೊಂದು ಕುಂಟೆ ಕಟ್ಟಿ, ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಇಳಿಯುವಂತೆ ಸರಪಳಿ ಹೆಣೆದರು. ಆ ಸರಪಳಿಯ ಎಂಜಿನಿಯರಿಂಗನ್ನು ನಾವು ಬಾಯ್ತುಂಬ ಹೊಗಳುತ್ತೇವೆ. ಅದಕ್ಕಿಂತ ಮುಖ್ಯವಾದ ಇನ್ನೊಂದನ್ನು ಮರೆಯುತ್ತೇವೆ. ಕೆರೆ ಕಟ್ಟಿದ ದಿನವೇ ಅದರ ದುರಸ್ತಿಗೆ ಹಣದ ದಾರಿಯನ್ನೂ ಅವರು ಗೊತ್ತು ಮಾಡುತ್ತಿದ್ದರು. ಗಂಗರ ಕಾಲದಿಂದಲೂ ಶಾಸನಗಳಲ್ಲಿ ಕಾಣುವ ಬಿತ್ತುವಟ್ಟ, ಕೆರೆಗೊಡಗೆ, ಆಮೇಲಿನ ದಸವಂದ ಇವೆಲ್ಲ ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಜಮೀನು ಅಥವಾ ಆದಾಯ. ತೂಬು ಎತ್ತಿ ನೀರು ಹಂಚಲು, ಏರಿಯ ಮೇಲೆ ಬಿರುಕು ಕಂಡರೆ ಊರನ್ನು ಕೂಗಲು ನೀರಗಂಟಿ ಇದ್ದ. ಅವನ ಜೀವನಕ್ಕೂ ಜಮೀನಿತ್ತು, ಸುಗ್ಗಿಯಲ್ಲಿ ಕಣದಿಂದ ಕಾಳು ಸಲ್ಲುತ್ತಿತ್ತು.

ಆ ವ್ಯವಸ್ಥೆ ಮತ್ತೆ ಬರಲಿ ಎನ್ನುವ ಮಾತಲ್ಲ ಇದು. ನೀರಗಂಟಿ, ತೋಟಿ, ತಳವಾರಿಕೆಗಳು ಬಹುಮಟ್ಟಿಗೆ ಜಾತಿಗೆ ಕಟ್ಟಿಹಾಕಿದ ದುಡಿಮೆಗಳು. ಹುಟ್ಟಿನಿಂದಲೇ ಅಂಟಿಬರುತ್ತಿದ್ದ ಆ ಹೊರೆಯನ್ನು ಕಳಚಿದ್ದು ನ್ಯಾಯವೇ. 1954ರ ಮೈಸೂರು ಇನಾಂ ರದ್ದತಿ ಕಾಯ್ದೆ, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಎರಡೂ ಆಗಲೇಬೇಕಿದ್ದ ಸುಧಾರಣೆಗಳು. ಆದರೆ ಹಳೆಯ ಹುದ್ದೆ ಹೋದ ಮೇಲೆ ಆ ಕೆಲಸವನ್ನು ಸಂಬಳ ಪಡೆದು ಮಾಡುವ ಹೊಸ ಹುದ್ದೆ ಬರಬೇಕಿತ್ತು. ಅದು ಬರಲಿಲ್ಲ. ಅನ್ಯಾಯವನ್ನು ತೆಗೆಯುವಾಗ ಕೆಲಸವನ್ನೂ ಅದರ ಜೊತೆಗೆ ತೆಗೆದುಬಿಟ್ಟೆವು. ಕೆರೆ ಊರಿನ ಸ್ವತ್ತಾಗಿದ್ದದ್ದು ಸರ್ಕಾರದ ಸ್ವತ್ತಾಯಿತು. ಊರು ಕೈಬಿಟ್ಟಿತು, ಸರ್ಕಾರದ ಕೈ ಅಲ್ಲಿಯವರೆಗೆ ಚಾಚಲಿಲ್ಲ.

ಹೊಸದಾಗಿ ದೊಡ್ಡ ಜಲಾಶಯ ಕಟ್ಟುವ ದಾರಿಯೂ ಈ ಸೀಮೆಗೆ ಸುಲಭವಾಗಿರಲಿಲ್ಲ. 1892ರಲ್ಲಿ ಮೈಸೂರು ಸಂಸ್ಥಾನ ಮದ್ರಾಸ್ ಸರ್ಕಾರದೊಡನೆ ಮಾಡಿಕೊಂಡ ಒಪ್ಪಂದದ ಪಟ್ಟಿಯಲ್ಲಿ ಕಾವೇರಿ, ತುಂಗಭದ್ರೆಗಳ ಜೊತೆಗೆ ಪೆನ್ನಾರ್, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಕೂಡ ಇದ್ದವು. ಆ ನದಿಗಳ ಮೇಲೆ ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟುವಂತಿರಲಿಲ್ಲ. ಇದ್ದ ಕೆರೆಯನ್ನು ದುರಸ್ತಿ ಮಾಡಲು ಮಾತ್ರ ಅಡ್ಡಿಯಿರಲಿಲ್ಲ, ಅದೂ ಮೊದಲಿಗಿಂತ ಹೆಚ್ಚು ನೀರು ಹಿಡಿಯದಿದ್ದರೆ. ಇರುವುದನ್ನು ಚೆನ್ನಾಗಿ ಇಟ್ಟುಕೊಳ್ಳುವುದೇ ಇಲ್ಲಿನ ನೀರಾವರಿ ನೀತಿಯ ತಿರುಳಾಗಬೇಕಿತ್ತು ಎನ್ನಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಸ್ವಾತಂತ್ರ್ಯಾನಂತರ ಮಣ್ಣು ಸಂರಕ್ಷಣೆಗೆ ಇಳಿದ ಇಲಾಖೆಗಳು ಮೊದಲು ಮಾಡಿದ ತಪ್ಪು ರೈತನನ್ನು ಕೇಳದೆ ಹೊಲಕ್ಕೆ ಗೆರೆ ಎಳೆದದ್ದು. ಸಮಪಾತಳಿ ಬದು ಇಳಿಜಾರಿನ ಒಂದೇ ಮಟ್ಟವನ್ನು ಹಿಡಿದು ಸಾಗುತ್ತದೆ, ಹೊಲದ ಎಲ್ಲೆ ಅದಕ್ಕೆ ಲೆಕ್ಕವಿಲ್ಲ. ಕಾಗದದ ಮೇಲೆ ಅದು ಸರಿ. ನೆಲದ ಮೇಲೆ ಅದೇ ಬದು ಮೂರೆಕರೆಯ ಹಿಡುವಳಿಯನ್ನು ಓರೆಯಾಗಿ ಸೀಳುತ್ತದೆ, ನೇಗಿಲು ತಿರುಗಿಸಲು ಬಿಡುವುದಿಲ್ಲ, ಒಬ್ಬನ ಹೊಲದ ನೀರನ್ನು ಇನ್ನೊಬ್ಬನ ಹೊಲದಲ್ಲಿ ನಿಲ್ಲಿಸುತ್ತದೆ. ದಕ್ಷಿಣ ಭಾರತದ ಒಣಭೂಮಿಯುದ್ದಕ್ಕೂ ರೈತರು ಇಂಥ ಬದುಗಳನ್ನು ಉತ್ತು ಸಮ ಮಾಡಿದರು. ಅಧಿಕಾರಿಗಳು ಅದನ್ನು ಅಜ್ಞಾನವೆಂದರು. ನಿಜವಾಗಿ ರೈತರಿಗೆ ಬೇಕಿದ್ದದ್ದು ಎಲ್ಲೆಯ ಮೇಲಿನ ಬದು. ಗುಂಡ್ಲುಪೇಟೆಯ ಕಡೆ ತಲೆಮಾರುಗಳಿಂದ ಹೊಲದ ಅಂಚಿಗೆ ಲಾವಂಚ ನೆಟ್ಟು ಮಣ್ಣು ಹಿಡಿದಿದ್ದವರ ಜಾಣ್ಮೆಯನ್ನು ವಿಶ್ವಬ್ಯಾಂಕಿನ ತಜ್ಞರು 1980ರ ದಶಕದಲ್ಲಿ ಗಮನಿಸಿ ಜಗತ್ತಿಗೆ ಸಾರಿದರು. ನಮ್ಮ ಇಲಾಖೆಗಳಿಗೆ ಅದು ಅದಕ್ಕೂ ಮೊದಲೇ ಕಾಣಬೇಕಿತ್ತು.

ಆ ದಶಕ ಕರ್ನಾಟಕದಲ್ಲಿ ಹೊಸ ಆಲೋಚನೆಯ ಕಾಲ. ಹೊಲವನ್ನು ಬಿಡಿಬಿಡಿಯಾಗಿ ನೋಡದೆ, ಒಂದು ಹಳ್ಳಕ್ಕೆ ನೀರು ಹರಿಸುವ ಇಡೀ ಪ್ರದೇಶವನ್ನು ಒಂದೇ ಘಟಕವೆಂದು ಹಿಡಿಯುವ ಜಲಾನಯನ ಪದ್ಧತಿ ಬಂತು. ಕನಕಪುರದ ಕಡೆಯ ಕಬ್ಬಾಳನಾಲಾ ವಿಶ್ವಬ್ಯಾಂಕಿನ ನೆರವಿನ ಪ್ರಯೋಗಕ್ಕೆ ಆಯ್ಕೆಯಾಯಿತು. ನಮ್ಮ ಪಕ್ಕದ ಬಾಗೇಪಲ್ಲಿ ತಾಲ್ಲೂಕಿನ ಮಿಟ್ಟೇಮರಿ ಒಣಬೇಸಾಯದ ವಿಜ್ಞಾನಿಗಳ ಮಾದರಿ ಜಲಾನಯನವಾಯಿತು. ಒಣಭೂಮಿ ಅಭಿವೃದ್ಧಿ ಮಂಡಳಿಗಳು ಬಂದವು. 2000ದಲ್ಲಿ ಪ್ರತ್ಯೇಕ ಜಲಾನಯನ ಅಭಿವೃದ್ಧಿ ಇಲಾಖೆಯೇ ರಚನೆಯಾಯಿತು. ಮರುವರ್ಷ ಶುರುವಾದ ಸುಜಲ ಯೋಜನೆ, ಈ ಜಿಲ್ಲೆಯನ್ನೂ ಒಳಗೊಂಡು ಆಗಿನ್ನೂ ಅವಿಭಜಿತವಾಗಿದ್ದ ಕೋಲಾರದ ಜೊತೆಗೆ ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಸುಜಲದ ಹಿರಿಮೆಯನ್ನು ಒಪ್ಪಲೇಬೇಕು. ಊರವರನ್ನು ಕೂರಿಸಿಕೊಂಡು ಯೋಜನೆ ಬರೆಯುವುದು, ಭೂಮಿಯಿಲ್ಲದವರಿಗೂ ಸ್ವಸಹಾಯ ಗುಂಪಿನ ಮೂಲಕ ಪಾಲು ಕೊಡುವುದು, ಇಸ್ರೊ ಬಳಗದ ಉಪಗ್ರಹ ಚಿತ್ರಗಳಿಂದ ಹಸಿರು ಎಷ್ಟು ಹೆಚ್ಚಿತೆಂದು ಅಳೆಯುವುದು ಇವೆಲ್ಲ ಅದರ ಹೆಗ್ಗಳಿಕೆಗಳು. ಅದು 2009ರಲ್ಲಿ ಮುಗಿಯಿತು. ಅಳತೆಯೂ ಅಲ್ಲಿಗೇ ಮುಗಿಯಿತು.

ಕೆರೆಗಳ ಕಥೆಯೂ ಹೀಗೇ ಸಾಗಿತು. 2000ದಲ್ಲಿ ಜಲಸಂವರ್ಧನೆ ಯೋಜನಾ ಸಂಘ ಸ್ಥಾಪನೆಯಾಯಿತು. ಕೋಲಾರವೂ ಸೇರಿದಂತೆ ಒಂಬತ್ತು ಜಿಲ್ಲೆಗಳಲ್ಲಿ ಕೆರೆಗಳನ್ನು ಬಳಕೆದಾರರ ಸಂಘಗಳ ಕೈಗೆ ಕೊಡುವ ಆಶಯ ಅದರದ್ದು. ರೈತರು ಹಣವನ್ನೋ ದುಡಿಮೆಯನ್ನೋ ವಂತಿಗೆಯಾಗಿ ಕೊಡಬೇಕು, ಹೂಳೆತ್ತಬೇಕು, ತೂಬು ಸರಿಪಡಿಸಿಕೊಳ್ಳಬೇಕು, ಮುಂದೆ ತಾವೇ ನಡೆಸಬೇಕು. ಆಶಯ ಒಳ್ಳೆಯದು. ಆದರೆ ಕೆರೆಗೆ ನೀರೇ ಬಾರದಿದ್ದರೆ ಕೆರೆಯ ಸಂಘ ಯಾವ ಕೆಲಸಕ್ಕೆ ಸಭೆ ಸೇರಬೇಕು? ಕೆರೆಗೆ ನೀರು ತರುವ ಕಾಲುವೆ ಕಂದಾಯ ಇಲಾಖೆಯ ನಕ್ಷೆಯಲ್ಲಿತ್ತು, ಮೇಲಿನ ಗೋಮಾಳ ಒತ್ತುವರಿಯಾಗಿತ್ತು, ಅದಕ್ಕೂ ಮೇಲಿನ ಗುಡ್ಡ ಅರಣ್ಯ ಇಲಾಖೆಯದಾಗಿತ್ತು. ಸಂಘದ ಅಧಿಕಾರ ಏರಿಯ ಈಚೆಗಷ್ಟೇ ನಡೆಯುತ್ತಿತ್ತು. 2012ರಲ್ಲಿ ಆ ಯೋಜನೆಯೂ ಮುಗಿಯಿತು.

ಒಂದೇ ಹನಿ, ಎಷ್ಟು ಕಚೇರಿ?
*● ಗುಡ್ಡದ ಮೇಲೆ ಬಿದ್ದಾಗ: ಅರಣ್ಯ ಇಲಾಖೆ.*
*● ಗೋಮಾಳ, ಖರಾಬು, ರಾಜಕಾಲುವೆಗೆ ಇಳಿದಾಗ: ಕಂದಾಯ ಇಲಾಖೆ.*
*● ಹೊಲದ ಬದುವಿಗೆ ತಾಗಿದಾಗ: ಕೃಷಿ ಮತ್ತು ಜಲಾನಯನ ಇಲಾಖೆ.*
*● ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯ ಕೆರೆಗೆ ಸೇರಿದಾಗ: ಪಂಚಾಯತ್ ರಾಜ್ ಸಂಸ್ಥೆಗಳು. 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟಿನ ಕೆರೆಗೆ ಸೇರಿದಾಗ: ಸಣ್ಣ ನೀರಾವರಿ ಇಲಾಖೆ.*
*● ನೆಲದೊಳಗೆ ಇಂಗಿದಾಗ: ಅಂತರ್ಜಲ ಪ್ರಾಧಿಕಾರ. ಮೋಟಾರ್ ಅದನ್ನು ಮೇಲೆತ್ತುವಾಗ: ವಿದ್ಯುತ್ ಕಂಪನಿ.*

ಸರ್ಕಾರಿ ಸಂಸ್ಥೆ ನೆಲಕ್ಕೆ ಯಾವಾಗಲೂ ಒಳ್ಳೆಯದನ್ನೇ ಮಾಡಿತು ಎಂದು ಯಾರೂ ವಾದಿಸಲಾರರು. ನೀಲಗಿರಿಯ ಅಧ್ಯಾಯವೊಂದೇ ಸಾಕು. 1970ರ ದಶಕದ ಕೊನೆಯಿಂದ ಸಾಮಾಜಿಕ ಅರಣ್ಯ ಯೋಜನೆಯ ಹೆಸರಿನಲ್ಲಿ ಕೋಲಾರ ಜಿಲ್ಲೆಯ ಉದ್ದಗಲಕ್ಕೂ ನೀಲಗಿರಿ ಹಬ್ಬಿತು. ಬಂಜರನ್ನು ಹಸಿರಾಗಿಸಿ ಊರಿಗೆ ಸೌದೆ, ಮೇವು ಒದಗಿಸುವುದು ಯೋಜನೆಯ ಗುರಿ. ಆದದ್ದು ರಾಗಿ ಬೆಳೆಯುತ್ತಿದ್ದ ಹೊಲದಲ್ಲೂ ನೀಲಗಿರಿ, ಅದರ ಮರ ಕಾರ್ಖಾನೆಗೆ. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಸಸಿಮಡಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿದರು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಎರಡರ ನಡುವೆ 34 ವರ್ಷ. ಸಸಿ ಹಂಚಿದ ಸಂಸ್ಥೆಯೇ ಪ್ರತಿ ಐದು ವರ್ಷಕ್ಕೊಮ್ಮೆ ಅದೇ ಹೊಲಕ್ಕೆ ಮರಳಿ ಬಂದು ಬಾವಿಯ ನೀರು, ಕೆರೆಯ ಒಳಹರಿವು ಏನಾಯಿತೆಂದು ನೋಡಿದ್ದರೆ ಈ ಅವಧಿ ಇಷ್ಟು ದೀರ್ಘವಾಗುತ್ತಿರಲಿಲ್ಲ. ಬಂದು ಹೋಗುವ ಸಂಸ್ಥೆಗೆ ತನ್ನ ತಪ್ಪು ಕಾಣುವುದಿಲ್ಲ. ಉಳಿಯುವ ಸಂಸ್ಥೆಗಾದರೆ ಅದು ಕಣ್ಣಿಗೆ ಹೊಡೆಯುತ್ತದೆ, ಮುಂದಿನ ಬೆಳೆಗೆ ಮುಂಚೆಯೇ ತಿದ್ದಿಕೊಳ್ಳಬೇಕಾಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಹೀಗಿದೆ: ಹೊಲ ರೈತನದು, ಬದು ಅವನ ಹೊಲದಲ್ಲಿದೆ, ಅದರ ಒಂದು ಬಿಲ ಮುಚ್ಚಲು ಸರ್ಕಾರವೇ ಬರಬೇಕೆ? ಹೊಲದೊಳಗಿನ ಬದುವಿನ ಮಟ್ಟಿಗೆ ಈ ಮಾತು ಸರಿ. ಎಲ್ಲೆಯ ಮೇಲೆ, ರೈತ ಒಪ್ಪಿ ಕಟ್ಟಿಸಿಕೊಂಡ ಬದುವನ್ನು ಅವನು ನೋಡಿಕೊಳ್ಳುತ್ತಾನೆ, ನೋಡಿಕೊಳ್ಳಲೇಬೇಕು. ಕಷ್ಟ ಇರುವುದು ಮಳೆಯ ನೀರು ಒಬ್ಬನ ಎಲ್ಲೆಯಲ್ಲಿ ನಿಲ್ಲದಿರುವುದರಲ್ಲಿ. ಮೇಲಿನ ಹೊಲದವನು ಬದು ಒಡೆಯಲು ಬಿಟ್ಟರೆ ನಷ್ಟ ಕೆಳಗಿನ ಹೊಲದವನಿಗೆ. ಗೋಮಾಳದ ಕಂದಕ ಮುಚ್ಚಿಹೋದರೆ ಅದು ಯಾರ ಹೊಲಕ್ಕೂ ಸೇರಿದ್ದಲ್ಲ. ಹಳ್ಳದ ಚೆಕ್‌ಡ್ಯಾಂನ ಪಕ್ಕ ಕೊರೆದುಹೋದರೆ ಹತ್ತು ಜನರ ಕೊಳವೆಬಾವಿಗೆ ಪೆಟ್ಟು, ಆದರೆ ಹತ್ತರಲ್ಲಿ ಯಾರೊಬ್ಬರೂ ಒಂಟಿಯಾಗಿ ಸಿಮೆಂಟು ತರುವುದಿಲ್ಲ. ಇದರ ಜೊತೆಗೆ ಕಾಲವೂ ಬದಲಾಗಿದೆ. ಎಳೆಯರು ಬೆಂಗಳೂರಿನ ಕೆಲಸಕ್ಕೆ ಹೋಗಿದ್ದಾರೆ, ಹೊಲದಲ್ಲಿ ಉಳಿದಿರುವುದು ವಯಸ್ಸಾದವರು ಮತ್ತು ಹೆಂಗಸರು, ಹಲವು ಜಮೀನುಗಳು ಗುತ್ತಿಗೆಯಲ್ಲಿವೆ. ಒಂದು ವರ್ಷದ ಗುತ್ತಿಗೆಗೆ ಹೊಲ ಹಿಡಿದವನು ಹತ್ತು ವರ್ಷ ಬಾಳುವ ಬದುವಿಗೆ ಯಾಕೆ ಮಣ್ಣು ಹೊರಬೇಕು? ಹಲವರಿಗೆ ಸೇರಿದ್ದನ್ನು ಹಲವರ ಪರವಾಗಿ ನೋಡಿಕೊಳ್ಳಲೆಂದೇ ಸರ್ಕಾರ ಎಂಬುದು ಇರುವುದು.

ಎರಡನೆಯ ಆಕ್ಷೇಪ ಈ ಜಿಲ್ಲೆಯ ಚಾವಡಿಗಳಲ್ಲಿ ಹೆಚ್ಚು ಕೇಳಿಬರುತ್ತದೆ: ಬದು, ಕುಂಟೆ ಎಂದು ಇನ್ನೆಷ್ಟು ದಿನ? ಹೊರಗಿನಿಂದ ನೀರು ಬರುತ್ತಿದೆಯಲ್ಲ! ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರನ್ನು ತರುವ ಕೋರಮಂಗಲ–ಚಲ್ಲಘಟ್ಟ ಯೋಜನೆ 2018ರಲ್ಲಿ ಕೋಲಾರದ ಕೆರೆಗಳನ್ನು ಮುಟ್ಟಿತು. ಹೆಬ್ಬಾಳ–ನಾಗವಾರ ಯೋಜನೆ ದಿನಕ್ಕೆ 210 ದಶಲಕ್ಷ ಲೀಟರ್ ನೀರನ್ನು 65 ಕೆರೆಗಳಿಗೆ ಹರಿಸಲು ರೂಪುಗೊಂಡಿತು, ಅವುಗಳಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳೂ ಇವೆ. ಎತ್ತಿನಹೊಳೆಗೆ 2014ರಲ್ಲಿ ಅಡಿಗಲ್ಲು ಬಿತ್ತು, ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಈ ನೀರಿನ ಹಿಂದೆ ದಶಕಗಳ ಶಾಶ್ವತ ನೀರಾವರಿ ಹೋರಾಟವಿದೆ, ಅದನ್ನು ಹಗುರಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಬತ್ತಿದ ಕೆರೆಯಲ್ಲಿ ಮತ್ತೆ ನೀರು ನಿಂತದ್ದನ್ನು, ಸುತ್ತಲ ಕೊಳವೆಬಾವಿಗಳು ಮರುಜೀವ ಪಡೆದದ್ದನ್ನು ಜನ ಕಂಡಿದ್ದಾರೆ. ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕು ಎನ್ನುವ ಇಲ್ಲಿನವರ ಒತ್ತಾಯವೂ ನ್ಯಾಯವಾದದ್ದು.

ಆದರೆ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಹೆಬ್ಬಾಳ–ನಾಗವಾರದ 210 ದಶಲಕ್ಷ ಲೀಟರ್ ವರ್ಷದ 365 ದಿನವೂ ತಪ್ಪದೆ ಹರಿದರೂ ಸುಮಾರು 2.7 ಟಿಎಂಸಿ ಅಡಿಯಷ್ಟೇ ಆಗುತ್ತದೆ. ಎತ್ತಿನಹೊಳೆಯ ಪೂರ್ತಿ ಲೆಕ್ಕ ಏಳು ಜಿಲ್ಲೆಗಳಿಗೆ ಸೇರಿ 24 ಟಿಎಂಸಿ ಅಡಿ. ಈ ಒಂದು ಜಿಲ್ಲೆಯ ನೆತ್ತಿಯ ಮೇಲೆ ಸಾಧಾರಣ ಮಳೆಯ ವರ್ಷದಲ್ಲಿ ಬೀಳುವುದು ಸುಮಾರು 100. ಅದರ ಬಹುಪಾಲು ಮಣ್ಣಿನಿಂದ, ಗಿಡದಿಂದ ಆವಿಯಾಗಿ ಹೋಗುತ್ತದೆ ನಿಜ. ಹಾಗೆ ಹೋಗುವ ಮುನ್ನ ಅದು ರಾಗಿಯ ಬೇರಿಗೆ, ಅವರೆಯ ಹೂವಿಗೆ ಸಿಕ್ಕಿತೇ, ಇಲ್ಲ ಕಾದ ನೆಲದ ಮೇಲೆ ಸುಮ್ಮನೆ ಆರಿತೇ ಎನ್ನುವುದು ಮಣ್ಣಿನ ಆರೋಗ್ಯಕ್ಕೆ ಬಿಟ್ಟದ್ದು. ಪೈಪಿನ ನೀರು ಪಟ್ಟಿಯಲ್ಲಿ ಹೆಸರಿರುವ ಕೆರೆಗೆ ಬರುತ್ತದೆ. ಇಳಿಜಾರಿನ ಮೇಲ್ತುದಿಯಲ್ಲಿ ಎರಡೆಕರೆ ಒಣಹೊಲ ಇರುವವನಿಗೆ ಮಳೆಯೊಂದೇ ಗತಿ. ಇನ್ನೊಂದು ಮಾತು: ಮೇಲಿನ ಮಣ್ಣು ಹರಿದು ಬರುವುದು ನಿಲ್ಲದಿದ್ದರೆ, ಕೋಟಿಗಟ್ಟಲೆ ಸುರಿದು ತಂದ ನೀರು ತುಂಬಿಕೊಳ್ಳಲು ಕೆರೆಯಲ್ಲಿ ಜಾಗವೇ ಉಳಿಯುವುದಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಅದು ಜಲವಿಜ್ಞಾನಿಗಳಿಂದಲೇ ಬಂದಿದೆ. ಮೇಲೆ ಹೊಲಹೊಲಕ್ಕೂ ಕೃಷಿ ಹೊಂಡ, ಹಳ್ಳಕ್ಕೆ ಹತ್ತಾರು ಚೆಕ್‌ಡ್ಯಾಂ ಕಟ್ಟುತ್ತ ಹೋದರೆ ಕೆಳಗಿನ ಕೆರೆಗೆ ನೀರು ಎಲ್ಲಿಂದ ಬರಬೇಕು? ಇಂಗಿದ ನೀರನ್ನು ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಎತ್ತಿಬಿಟ್ಟರೆ ಇಂಗಿಸಿದ್ದರ ಫಲವೇನು? ನಂದಿಬೆಟ್ಟದಲ್ಲೇ ಹುಟ್ಟುವ ಅರ್ಕಾವತಿಯ ಗತಿ ಕಣ್ಣೆದುರಿಗಿದೆ. ತಿಪ್ಪಗೊಂಡನಹಳ್ಳಿ ಜಲಾಶಯದ ಒಳಹರಿವು ದಶಕಗಳಲ್ಲಿ ಕುಸಿಯಿತು. ಕಾರಣ ಹುಡುಕಿದ ಸಂಶೋಧಕರು ಬೊಟ್ಟು ಮಾಡಿದ್ದು ಮಳೆಯ ಕೊರತೆಗಿಂತ ಹೆಚ್ಚಾಗಿ ಅಂತರ್ಜಲದ ಅತಿಬಳಕೆ ಮತ್ತು ನೀಲಗಿರಿಯ ಕಡೆಗೆ. ಚಿಕ್ಕಬಳ್ಳಾಪುರದ ತಾಲ್ಲೂಕುಗಳೂ ಕೇಂದ್ರ ಅಂತರ್ಜಲ ಮಂಡಳಿಯ ಅತಿಬಳಕೆಯ ಪಟ್ಟಿಯಲ್ಲಿ ವರ್ಷಗಳಿಂದ ಇವೆ.

ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಒಪ್ಪಿದಷ್ಟೂ ಕಾಯಂ ಸಂಸ್ಥೆಯ ಅಗತ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಟ್ಟಿ ಹೋಗುವ ಸಂಸ್ಥೆಗೆ ಗುರಿ ಸಂಖ್ಯೆಯಲ್ಲಿರುತ್ತದೆ: ಈ ವರ್ಷ ಇಷ್ಟು ಹೊಂಡ, ಇಷ್ಟು ತಡೆಗೋಡೆ. ಒಂದು ಹಳ್ಳ ಎಷ್ಟು ತಡೆಗಳನ್ನು ತಾಳೀತು ಎಂದು ಕೇಳಲು ಅದಕ್ಕೆ ವ್ಯವಧಾನವಿಲ್ಲ. ಗುಡ್ಡದಲ್ಲಿ ಹುಲ್ಲು, ಹೊಲದಲ್ಲಿ ಬದು, ಹಳ್ಳದಲ್ಲಿ ಮಿತವಾದ ತಡೆ, ಕೆರೆಗೆ ತಲುಪಲೇಬೇಕಾದ ಪಾಲು, ಕೊಳವೆಬಾವಿಯಿಂದ ಎತ್ತಬಹುದಾದ ಮಿತಿ ಇವಿಷ್ಟನ್ನೂ ಒಂದೇ ಹಾಳೆಯ ಮೇಲೆ ಕೂಡಿಸಿ ಕಳೆಯಬೇಕು, ಅದೂ ಪ್ರತಿ ವರ್ಷ. ಅಟಲ್ ಭೂಜಲ ಯೋಜನೆ ಈ ಜಿಲ್ಲೆಯೂ ಸೇರಿ ರಾಜ್ಯದ 14 ಜಿಲ್ಲೆಗಳಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ನೀರಿನ ಆಯವ್ಯಯ ಬರೆಯಿಸಿತು. ಬರೆಯುವುದು ಸಾಧ್ಯ ಎಂದು ಅದು ತೋರಿಸಿಕೊಟ್ಟಿದೆ. ಬರೆದದ್ದಕ್ಕೆ ಬಲ ಕೊಡುವ ಕಾನೂನೂ ಇದೆ, 2011ರ ಕರ್ನಾಟಕ ಅಂತರ್ಜಲ ಕಾಯ್ದೆ. ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಹೊಸ ಕೊಳವೆಬಾವಿ ಕೊರೆಯುವಂತಿಲ್ಲವೆಂದು ಅದು ಹೇಳುತ್ತದೆ. ಆದರೆ ರಾತ್ರಿ ಬಂದ ಬೋರ್‌ವೆಲ್ ಲಾರಿಯನ್ನು ಹೊಲದ ಬದುವಿನಲ್ಲಿ ನಿಂತು ತಡೆಯುವವರು ಬೇಕಲ್ಲ.

ತಡೆಯುವುದೊಂದೇ ದಾರಿಯೂ ಅಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬದುಕಿಸಿರುವುದು ಸುತ್ತಲ ಹಳ್ಳಿಗಳ ಹಿಪ್ಪುನೇರಳೆ ತೋಟಗಳು. ಆ ತೋಟಗಳಿಗೆ ನೀರು ಬೇಡವೆಂದು ಯಾವ ಇಲಾಖೆಯೂ ಹೇಳಲಾಗದು, ಹೇಳಲೂಬಾರದು. ನೀರಿನ ಬಿಕ್ಕಟ್ಟು ಕಲಿಸಿದ ಪಾಠದಿಂದ ಇಲ್ಲಿನ ರೈತರು ಒತ್ತು ಒತ್ತಾಗಿ ನೆಡುತ್ತಿದ್ದ ಹಿಪ್ಪುನೇರಳೆಯನ್ನು ದೂರದೂರಕ್ಕೆ ನೆಟ್ಟು ಮರವಾಗಿ ಬೆಳೆಸುವ ಕ್ರಮಕ್ಕೆ ಹೊರಳಿದ್ದಾರೆ. ಬೇರು ಆಳಕ್ಕಿಳಿಯುತ್ತದೆ, ಹನಿ ನೀರಾವರಿಯಲ್ಲಿ ಕಡಿಮೆ ನೀರಿಗೇ ಸೊಪ್ಪು ಬರುತ್ತದೆ, ಸಾಲುಗಳ ನಡುವೆ ಇನ್ನೊಂದು ಬೆಳೆಗೂ ಜಾಗ ಸಿಗುತ್ತದೆ. ಕೆರೆಗೋಡನ್ನು ಬೇಸಿಗೆಯಲ್ಲಿ ಹೊಲಕ್ಕೆ ಹೊಡೆಯುವ ಹಳೆಯ ರೂಢಿಯೂ ಅಷ್ಟೇ ಬೆಲೆಯುಳ್ಳದ್ದು. ಹರಿದುಹೋದ ಮೇಲ್ಮಣ್ಣು ಮರಳಿ ಮನೆಗೆ ಬರುವ ದಾರಿ ಅದು. ರೈತನಲ್ಲಿ ಇಷ್ಟು ತಿಳಿವಳಿಕೆ ಇರುವ ಕಡೆ ಸಂಸ್ಥೆಯ ಕೆಲಸ ಉಪದೇಶವಲ್ಲ, ಅವನ ಪ್ರಯೋಗವನ್ನು ಪಕ್ಕದ ಹಳ್ಳಿಗೆ ಒಯ್ಯುವುದು, ಗೋಡು ತೆಗೆಯಲು ಸಕಾಲಕ್ಕೆ ಅನುಮತಿ ಕೊಡುವುದು, ಅದರ ಹೆಸರಿನಲ್ಲಿ ಮರಳು ಸಾಗದಂತೆ ನೋಡಿಕೊಳ್ಳುವುದು.

ಉಳಿಯುವ ಸಂಸ್ಥೆ ಎಂಬುದು ಕನಸೇನಲ್ಲ, ಜಗತ್ತಿನಲ್ಲಿ ಅದಕ್ಕೆ ಹಳೆಯ ಉದಾಹರಣೆಗಳಿವೆ. ಅಮೆರಿಕದ ಬಯಲು ಸೀಮೆಯ ಮಣ್ಣು 1930ರ ದಶಕದಲ್ಲಿ ಧೂಳಾಗಿ ಹಾರಿ ರಾಜಧಾನಿಯ ಆಕಾಶವನ್ನೇ ಮುಸುಕಿದಾಗ, 1935ರಲ್ಲಿ ಅಲ್ಲಿನ ಸರ್ಕಾರ ಮಣ್ಣು ಸಂರಕ್ಷಣಾ ಸೇವೆಯನ್ನು ಆರಂಭಿಸಿತು. ಹ್ಯೂ ಹ್ಯಾಮಂಡ್ ಬೆನೆಟ್ ಅದರ ಮೊದಲ ಮುಖ್ಯಸ್ಥ. ಎರಡು ವರ್ಷದಲ್ಲಿ ಸ್ಥಳೀಯ ಸಂರಕ್ಷಣಾ ಜಿಲ್ಲೆಗಳು ಹುಟ್ಟಿಕೊಂಡವು. ಇಂದು ಅವು ಮೂರು ಸಾವಿರದ ಆಸುಪಾಸು ಇವೆ. 1994ರಲ್ಲಿ ಸೇವೆಯ ಹೆಸರು ಬದಲಾಯಿತು, ಕೆಲಸ ನಿಲ್ಲಲಿಲ್ಲ. ಸಮುದ್ರದಿಂದ ನೆಲವನ್ನು ಗೆದ್ದುಕೊಂಡ ನೆದರ್ಲೆಂಡ್ಸ್‌ನಲ್ಲಿ ನೀರಿನ ಮಂಡಳಿಗಳು 13ನೇ ಶತಮಾನದಿಂದ ಇವೆ. ಇಂದಿಗೂ ಅವಕ್ಕೆ ಪ್ರತ್ಯೇಕ ಚುನಾವಣೆ, ಪ್ರತ್ಯೇಕ ತೆರಿಗೆ. ನೆಲ ಗೆದ್ದ ಮೇಲೆ ಅವರು ಮಂಡಳಿಯನ್ನು ಮುಚ್ಚಲಿಲ್ಲ. ಶ್ರೀಮಂತ ದೇಶಗಳಿಗೆ ಅದು ಸುಲಭ ಎನ್ನಬಹುದು. ಆದರೆ ಬಿತ್ತುವಟ್ಟ ಬಿಟ್ಟುಕೊಟ್ಟ ಕಾಲದ ನಮ್ಮ ಹಳ್ಳಿಗಳು ಶ್ರೀಮಂತವಾಗಿರಲಿಲ್ಲ.

ನಮ್ಮ ನಿಯಮಗಳಲ್ಲೂ ಇದರ ಬೀಜವಿದೆ. 2008ರ ಜಲಾನಯನ ಮಾರ್ಗಸೂಚಿ ಖಾಸಗಿ ಜಮೀನಿನ ಕಾಮಗಾರಿಗೆ ಫಲಾನುಭವಿಗಳಿಂದ ಕನಿಷ್ಠ ಶೇ 10, ಪರಿಶಿಷ್ಟರು ಮತ್ತು ಸಣ್ಣ ರೈತರಿಂದ ಶೇ 5 ವಂತಿಗೆ ಪಡೆದು, ಯೋಜನೆ ಮುಗಿದ ಮೇಲೆ ದುರಸ್ತಿಗೆ ಬಳಸುವ ಜಲಾನಯನ ಅಭಿವೃದ್ಧಿ ನಿಧಿ ಮಾಡಬೇಕೆಂದಿತು. ಬಡವರ ವಂತಿಗೆಯನ್ನೇ ನಂಬಿದ ನಿಧಿ ದೊಡ್ಡದಾಗುವುದಿಲ್ಲ. ಅದನ್ನು ಸರ್ಕಾರವೇ ತುಂಬಿಕೊಡಬೇಕು. ಈಗಿನ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಜಲಾನಯನ ಘಟಕದ ಎರಡನೇ ಆವೃತ್ತಿಯಲ್ಲಿ ಬಯಲು ಪ್ರದೇಶಕ್ಕೆ ಹೆಕ್ಟೇರಿಗೆ 22,000 ರೂಪಾಯಿ ವೆಚ್ಚ ನಿಗದಿಯಾಗಿದೆ. 500 ಹೆಕ್ಟೇರಿನ ಒಂದು ಕಿರು ಜಲಾನಯನಕ್ಕೆ 1 ಕೋಟಿ 10 ಲಕ್ಷ. ಇದರ ಹತ್ತನೇ ಒಂದು ಪಾಲು, 11 ಲಕ್ಷ ರೂಪಾಯಿಯನ್ನು ಮುಟ್ಟದ ಠೇವಣಿಯಾಗಿ ಊರಿನ ಹೆಸರಿನಲ್ಲಿ ಇಟ್ಟರೆ, ಶೇ 7ರ ಬಡ್ಡಿಯಲ್ಲಿ ವರ್ಷಕ್ಕೆ 77,000 ರೂಪಾಯಿ ಬರುತ್ತದೆ. ಅದರಲ್ಲಿ ಒಬ್ಬ ನೀರಗಂಟಿಗೆ ಮಳೆಗಾಲದ ಆರು ತಿಂಗಳು ಗೌರವಧನ ಕೊಡಬಹುದು. ಅವನು ಜಾತಿಯಿಂದ ಬಂದವನಲ್ಲ, ಗ್ರಾಮಸಭೆ ಆರಿಸಿದವನು. ಹೆಣ್ಣುಮಗಳೂ ಆಗಬಹುದು. ಮಳೆ ಬಂದ ಮರುದಿನ ಗುಡ್ಡದಿಂದ ಕೋಡಿಯವರೆಗೆ ನಡೆದು, ಎಲ್ಲಿ ಬಾಯಿ ಬಿಟ್ಟಿದೆ ಎಂದು ನೋಡಿ, ಫೋನಿನಲ್ಲಿ ಚಿತ್ರ ತೆಗೆದು ಕಳಿಸುವುದು, ಸಣ್ಣದನ್ನು ಅಂದೇ ಮುಚ್ಚಿಸುವುದು ಅವರ ಕೆಲಸ. ದೊಡ್ಡ ದುರಸ್ತಿಗೆ ಉದ್ಯೋಗ ಯೋಜನೆಯ ಕೂಲಿ ಇದೆ, ಪಂಚಾಯಿತಿ ಇದೆ.

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ಜಲಾನಯನ ಇಲಾಖೆಯ ತಾಲ್ಲೂಕು ಅಧಿಕಾರಿಯನ್ನು ಆ ನೀರಗಂಟಿಗಳ ವರದಿಗೆ ಉತ್ತರದಾಯಿಯಾಗಿಸಬೇಕು. ಅರಣ್ಯ, ಕಂದಾಯ, ಸಣ್ಣ ನೀರಾವರಿಯವರನ್ನು ತಿಂಗಳಿಗೊಮ್ಮೆ ಒಂದೇ ಮೇಜಿಗೆ ಕರೆಯುವ ಅಧಿಕಾರವನ್ನು ಆ ಅಧಿಕಾರಿಗೆ ಕೊಡಬೇಕು. ಯೋಜನೆಯ ಕೊನೆಯ ಕಂತು ಬಿಡುಗಡೆಯಾಗಬೇಕಾದದ್ದು ಕಾಮಗಾರಿ ಮುಗಿದ ದಿನವಲ್ಲ, ಮೂರು ಮಳೆಗಾಲ ಕಳೆದ ಮೇಲೆ ಎಷ್ಟು ಉಳಿದಿದೆ ಎಂದು ಗ್ರಾಮಸಭೆಯ ಎದುರು ಅಳೆದು ತೋರಿಸಿದ ಮೇಲೆ. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಇದನ್ನು ಶುರು ಮಾಡುವುದಾದರೆ ಸಾದಲಿ ಹೋಬಳಿಯ ಒಂದು ಹಳ್ಳ ಸಾಕು. ಠೇವಣಿಯ ಆದೇಶ ಬಿತ್ತನೆಗೆ ಮುಂಚೆ ಹೊರಟರೆ, ಹಸ್ತ ಮಳೆಯ ಹೊತ್ತಿಗೆ ಮೊದಲ ವರದಿ ತಾಲ್ಲೂಕು ಕಚೇರಿಯ ಮೇಜಿನ ಮೇಲಿರುತ್ತದೆ.